ಕೈಗೆ ಒಗ್ಗಿದ್ದನ್ನು ಗುರುತಿಸಿ, ಅದರ ಮೇಲೆ ಬದುಕು ಕಟ್ಟುವುದು ಹೇಗೆ? ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಅಡಿಕೆ ಕೊಯ್ಲಿನ ಕಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಯಾವುದಾದರೂ ಮನೆಯ ಅಂಗಳದಲ್ಲಿ ಅರ್ಧ ದಿನ ಕೂತು ನೋಡಿ. ಯಾರಿಗೆ ಯಾವ ಕೆಲಸ ಎಂದು ಯಾರೂ ಹಂಚುವುದಿಲ್ಲ. ಒಬ್ಬರು ಮರದ ಬುಡದಲ್ಲಿ ನಿಂತು ತಲೆ ಎತ್ತಿದರೆ ಸಾಕು, ಯಾವ ಕೊನೆ (ಅಡಿಕೆ ಗೊನೆ) ಇವತ್ತೇ ಇಳಿಯಬೇಕು, ಯಾವುದು ಇನ್ನೂ ಹದಿನೈದು ದಿನ ಇರಲಿ ಎಂದು ಹೇಳಿಬಿಡುತ್ತಾರೆ. ಇನ್ನೊಬ್ಬರು ಮೆಟ್ಟುಗತ್ತಿ ಮುಂದೆ ಕೂತರೆ ಬಾಯಿ ಊರಿನ ಸುದ್ದಿ ಹೇಳುತ್ತಿರುತ್ತದೆ, ಕೈ ತನ್ನಷ್ಟಕ್ಕೆ ಸುಲಿಯುತ್ತಿರುತ್ತದೆ. ಹಂಡೆ ಹತ್ತಿರ ಇರುವವರು ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣ ನೋಡಿಯೇ ನೀರು ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಒಣಗಿದ ಮೇಲೆ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಮಾಡಿ ಆರಿಸುವುದಕ್ಕೆ ಮತ್ತೊಬ್ಬರು ಬೇಕು. ಈ ನಾಲ್ವರನ್ನೂ ಕರೆದು ‘ನಿಮ್ಮ ಸಾಮರ್ಥ್ಯ ಏನು?’ ಎಂದು ಕೇಳಿ. ‘ನನಗೇನು ಬರುತ್ತೆ, ಸುಮ್ನೆ ಮಾಡ್ತೀನಿ’ ಎಂಬ ಉತ್ತರವೇ ಬರುವುದು.

ನನ್ನ ಮಟ್ಟಿಗೆ ಮಲೆನಾಡಿನವರ ದೊಡ್ಡ ತೊಡಕು ಇದೇ. ತಮಗೆ ಸುಲಭವಾದದ್ದು ಎಲ್ಲರಿಗೂ ಸುಲಭ ಎಂದುಕೊಂಡು ಬಿಡುತ್ತೇವೆ. ಬರದಿರುವುದನ್ನು ಕಲಿಯಲು ವರ್ಷಗಟ್ಟಲೆ ಒದ್ದಾಡುತ್ತೇವೆ, ಬರುವುದನ್ನು ಲೆಕ್ಕಕ್ಕೇ ಇಡುವುದಿಲ್ಲ. ಡಿಗ್ರಿ ಮುಗಿಸಿ ಮುಂದೇನು ಎಂದು ಕೂತಿರುವವರು, ಬೆಂಗಳೂರಿನಿಂದ ಊರಿಗೆ ವಾಪಸ್ ಬಂದವರು, ಮನೆಯಲ್ಲೇ ಇದ್ದು ಏನಾದರೂ ಶುರು ಮಾಡಬೇಕೆಂದಿರುವ ಹೆಣ್ಣುಮಕ್ಕಳು, ತೋಟದ ಜೊತೆ ಇನ್ನೊಂದು ಆದಾಯ ಹುಡುಕುತ್ತಿರುವವರು, ಎಲ್ಲರಿಗೂ ಉಪಯೋಗವಾಗಲಿ ಎಂದು ಇದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಅವಸರ ಬೇಡ. ಇದಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆ.

ಹೆಜ್ಜೆ 1: ಜನ ನಿಮ್ಮನ್ನು ಯಾಕೆ ಕರೆಯುತ್ತಾರೆ, ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ, ಪುಸ್ತಕವೇ ಇರಲಿ, ಹಿಂದಿನ ಪುಟ ತಿರುಗಿಸಿ ನೋಡಲು ಸಲೀಸು. ಒಂದು ತಿಂಗಳು ಪ್ರತಿ ರಾತ್ರಿ ಎರಡು ಮೂರು ಸಾಲು ಬರೆಯಿರಿ. ಇವತ್ತು ಯಾರು ಕರೆದರು? ಯಾವ ಕೆಲಸಕ್ಕೆ? ಆ ಕೆಲಸಕ್ಕೆ ಹತ್ತಿರದಲ್ಲೇ ಬೇರೆಯವರಿದ್ದರೂ ನಿಮ್ಮನ್ನೇ ಯಾಕೆ ಕರೆದರು?

ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಅವರ ಗದ್ದೆಗೆ ನಾವು, ನಮ್ಮ ಗದ್ದೆಗೆ ಅವರು. ಅಲ್ಲಿ ಯಾರನ್ನು ಯಾವುದಕ್ಕೆ ಕರೆಯಬೇಕು ಎಂಬುದು ಇಡೀ ಕೇರಿಗೆ ಗೊತ್ತಿರುತ್ತಿತ್ತು. ನೀವು ಈಗ ಮಾಡುತ್ತಿರುವುದು ಅದೇ ಲೆಕ್ಕ, ಒಬ್ಬರದೇ ಪುಸ್ತಕದಲ್ಲಿ. ಬ್ಯಾಂಕಿನ ಅರ್ಜಿ ತುಂಬಿಸಲು ಪಕ್ಕದ ಮನೆಯವರು ನಿಮ್ಮ ಹತ್ತಿರ ಬಂದರೇ? ಮದುವೆ ಮನೆಯಲ್ಲಿ ಎಷ್ಟು ಜನಕ್ಕೆ ಎಷ್ಟು ಅಕ್ಕಿ ಎಂದು ನಿಮ್ಮನ್ನು ಕೇಳಿದರೇ? ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕೂರಿಸಿ ಮಾತಾಡಿಸಲು ಕರೆದರೇ? ಎಲ್ಲವೂ ಪುಸ್ತಕಕ್ಕೆ ಬರಲಿ.

ಅದರ ಪಕ್ಕದಲ್ಲಿ ಇನ್ನೊಂದು ಗುರುತು ಹಾಕಿ. ಆ ಕೆಲಸ ಮುಗಿದ ಮೇಲೆ ನಿಮಗೆ ಸಾಕಾಯಿತೋ, ಇನ್ನೂ ಸ್ವಲ್ಪ ಮಾಡೋಣ ಅನ್ನಿಸಿತೋ? ಇದು ಮುಖ್ಯ. ಯಾಕೆಂದರೆ ‘ಇಲ್ಲ’ ಅನ್ನಲು ಬರದ ಕಾರಣಕ್ಕೂ ಜನ ಕರೆಯುತ್ತಾರೆ. ಮನೆಯ ಹೆಣ್ಣುಮಕ್ಕಳನ್ನಂತೂ ಎಲ್ಲದಕ್ಕೂ ಕರೆಯುತ್ತಾರೆ. ಮಾಡಿ ಮಾಡಿ ಸುಸ್ತಾಗುವ ಕೆಲಸ ನಿಮ್ಮ ಬಲವಲ್ಲ, ಅದು ನಿಮ್ಮ ಮೇಲೆ ಬಿದ್ದ ಹೊರೆ. ಚೆನ್ನಾಗಿ ಬರುತ್ತದೆ, ಮಾಡಿದರೆ ಹುಮ್ಮಸ್ಸೂ ಬರುತ್ತದೆ, ಈ ಎರಡೂ ಸೇರಿದ ಕಡೆ ಗೆರೆ ಎಳೆಯಿರಿ. ತಿಂಗಳ ಕೊನೆಗೆ ಅಂಥ ಗೆರೆ ಜಾಸ್ತಿ ಎಲ್ಲಿ ಬಿದ್ದಿದೆ ಎಂದು ನೋಡಿ.

ಹೆಜ್ಜೆ 2: ಹೊರಗಿನ ಕಣ್ಣಿನಿಂದ ನೋಡಿಸಿಕೊಳ್ಳಿ

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಒಳ್ಳೆಯ ಅಭ್ಯಾಸ ರೂಪಿಸಿದ್ದಾರೆ. ನಿಮ್ಮನ್ನು ಬಲ್ಲ ಹತ್ತು ಇಪ್ಪತ್ತು ಜನರನ್ನು, ‘ನಾನು ಚೆನ್ನಾಗಿ ಕೆಲಸ ಮಾಡಿದ್ದನ್ನು ನೀವು ನೋಡಿದ್ದು ಯಾವಾಗ?’ ಎಂದು ಕೇಳುವುದು. ‘ನಾನು ಹೇಗೆ?’ ಎಂದು ಕೇಳಿದರೆ ‘ಒಳ್ಳೆಯವರು’ ಎಂಬ ಒಣ ಉತ್ತರ ಬರುತ್ತದೆ. ಘಟನೆ ಕೇಳಿದರೆ ಘಟನೆಯೇ ಬರುತ್ತದೆ, ಅದರಲ್ಲಿ ವಿಷಯವಿರುತ್ತದೆ.

ನಮ್ಮಲ್ಲಿ ಎದುರಿಗೆ ಹೊಗಳುವುದೂ ಕಮ್ಮಿ, ಹೊಗಳಿ ಎಂದು ಕೇಳುವುದಕ್ಕೆ ಇನ್ನೂ ಸಂಕೋಚ. ಹಾಗಾಗಿ ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ: ‘ಮುಂದೆ ಏನು ಮಾಡಬೇಕು ಅಂತ ಯೋಚನೆ ಮಾಡ್ತಾ ಇದ್ದೀನಿ. ನಾನು ಮಾಡಿದ ಯಾವುದಾದರೂ ಕೆಲಸ ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದರೆ ಅದೊಂದು ಹೇಳಿ.’ ನೆಂಟರು ಬರೀ ಮೂರ್ನಾಲ್ಕು ಜನ ಇರಲಿ. ಹಳೆಯ ಮೇಷ್ಟ್ರು, ಜೊತೆಗೆ ಕೆಲಸ ಮಾಡಿದವರು, ನಿಮ್ಮಿಂದ ಏನಾದರೂ ಕೊಂಡವರು ಜಾಸ್ತಿ ಇರಲಿ. ಬಂದ ಉತ್ತರಗಳಲ್ಲಿ ಒಂದೇ ಮಾತು ಮೂರು ಸಲ ಬಂದರೆ ಅದನ್ನು ನಂಬಿ, ನಿಮಗೆ ಒಪ್ಪಿಗೆಯಾಗದಿದ್ದರೂ ನಂಬಿ.

ಕುಪ್ಪಳಿಯ ಕುವೆಂಪು ಅವರೇ ಮೈಸೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅದನ್ನು ನೋಡಿ, ನಿಮ್ಮ ತಾಯ್ನುಡಿಯಲ್ಲೇ ಬರೆಯಿರಿ ಎಂದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಕನ್ನಡವೇ ಗೊತ್ತಿಲ್ಲದ ಹೊರಗಿನವರೊಬ್ಬರು ಹೇಳಿದ ಮಾತು. ಹತ್ತಿರದವರಿಗೆ ಕಾಣದ್ದು ಕೆಲವೊಮ್ಮೆ ದೂರದವರಿಗೆ ಕಾಣುತ್ತದೆ, ಅದಕ್ಕೇ ಊರಾಚೆಯ ಒಬ್ಬಿಬ್ಬರನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಇದರ ಜೊತೆಗೆ ಬೇಕಾದರೆ ಆನ್‌ಲೈನ್ ಪರೀಕ್ಷೆಯೂ ಮಾಡಬಹುದು. ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಮನುಷ್ಯರ 24 ಗುಣಬಲಗಳನ್ನು ಪಟ್ಟಿ ಮಾಡಿದರು. ಕುತೂಹಲ, ಪಟ್ಟುಬಿಡದ ಛಲ, ನ್ಯಾಯಬುದ್ಧಿ, ಕೃತಜ್ಞತೆ, ಹಾಸ್ಯ, ಹೀಗೆ. ಅದರ ಆಧಾರದ ‘ವಿಐಎ’ (VIA) ಎಂಬ ಪ್ರಶ್ನಾವಳಿ ಪರೀಕ್ಷೆ ಉಚಿತವಾಗಿ ಸಿಗುತ್ತದೆ. 2005ರ ಒಂದು ಅಧ್ಯಯನದಲ್ಲಿ, ತಮ್ಮ ಮೇಲಿನ ಗುಣಬಲಗಳನ್ನು ಒಂದು ವಾರ ದಿನವೂ ಹೊಸ ರೀತಿಯಲ್ಲಿ ಬಳಸಿದವರ ನೆಮ್ಮದಿ ಆರು ತಿಂಗಳವರೆಗೂ ಜಾಸ್ತಿ ಇದ್ದದ್ದು ಕಂಡುಬಂತು. ಆದರೆ ಇಲ್ಲಿ ಉತ್ತರ ಕೊಡುವವರು ನೀವೇ ಅಲ್ವಾ? ನಿಮ್ಮ ಬಗ್ಗೆ ನೀವು ಅಂದುಕೊಂಡದ್ದೇ ತಿರುಗಿ ಬರುತ್ತದೆ. ನೋಟ್‌ಬುಕ್ ಮತ್ತು ಹೊರಗಿನವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಹೆಜ್ಜೆ 3: ದೊಡ್ಡ ಹೆಸರು ಬಿಡಿ, ಕೆಲಸದ ಒಳಗೆ ಇಳಿದು ನೋಡಿ

ಈ ಹೆಜ್ಜೆಯಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಹೆಚ್ಚಿನವರು ‘ನನಗೆ ಅಡುಗೆ ಚೆನ್ನಾಗಿ ಬರುತ್ತೆ’, ‘ನನಗೆ ಮಾತು ಚೆನ್ನಾಗಿ ಬರುತ್ತೆ’ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅಷ್ಟರಿಂದ ಏನೂ ಕಟ್ಟಲು ಆಗುವುದಿಲ್ಲ.

ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ಕೆಲಸ ಇದೆ ನೋಡಿ. ಹೊಳೆದಂಡೆಯ ಯಾವ ಮರದ ಮಿಡಿಗೆ ಒಳ್ಳೆ ಪರಿಮಳ, ಯಾವುದು ಬೇಗ ಮೆತ್ತಗಾಗುತ್ತದೆ ಎಂಬ ತಿಳಿವಳಿಕೆ ಒಂದು. ಮಿಡಿ ನೆಲಕ್ಕೆ ಬೀಳದಂತೆ, ತೊಟ್ಟು ಮುರಿಯದಂತೆ ಕೊಯ್ಯಿಸಿ ತರುವುದು ಒಂದು. ಪೆಟ್ಟಾದ ಮಿಡಿ ಒಂದಿದ್ದರೂ ಭರಣಿಗೇ ಕೇಡು, ಅದನ್ನು ಹುಡುಕಿ ತೆಗೆಯುವ ಕಣ್ಣು ಒಂದು. ಉಪ್ಪಿನ ಲೆಕ್ಕ ಒಂದು. ಮಿಡಿ ಸುಕ್ಕುಗಟ್ಟಿ ಹದಕ್ಕೆ ಬರುವವರೆಗೆ ಕೈ ಹಾಕದೆ ಕಾಯುವ ತಾಳ್ಮೆ ಒಂದು. ಖಾರ ಬೀಸುವುದು ಬೇರೆ. ಮಿಡಿ ಕಾಲದಲ್ಲಿ ಮರದ ಯಜಮಾನರ ಜೊತೆ ಮಾತಾಡಿ ಬೆಲೆ ಕುದುರಿಸುವುದು ಬೇರೆ. ಬಾಟಲಿಗೆ ಚೀಟಿ ಅಂಟಿಸಿ ಶಿವಮೊಗ್ಗದ ಅಂಗಡಿಯವರಿಗೆ ಒಪ್ಪಿಸುವುದು ಇನ್ನೂ ಬೇರೆ.

ಇಷ್ಟರಲ್ಲಿ ನಿಮ್ಮದು ಯಾವುದು? ಒಬ್ಬರ ಬಲ ಉಪ್ಪಿನ ಹದದಲ್ಲಿ ಇರಬಹುದು. ಇನ್ನೊಬ್ಬರ ಬಲ ಮರಗಳ ನೆನಪಿನಲ್ಲಿ ಇರಬಹುದು. ಎರಡನೆಯವರು ಉಪ್ಪಿನಕಾಯಿ ಮಾರುವುದಕ್ಕಿಂತ ಕಸಿ ಗಿಡ ಮಾಡಿ ಮಾರಿದರೆ ಜಾಸ್ತಿ ಗೆಲ್ಲುತ್ತಾರೆ. ಇಬ್ಬರೂ ‘ಉಪ್ಪಿನಕಾಯಿ ಚೆನ್ನಾಗಿ ಹಾಕುತ್ತಾರೆ’ ಎಂದೇ ಊರಲ್ಲಿ ಹೆಸರಾಗಿರುತ್ತಾರೆ, ಆದರೆ ಹೋಗಬೇಕಾದ ದಾರಿ ಬೇರೆ ಬೇರೆ.

ಹೀಗೆ ಬಿಡಿಸಿ ನೋಡುವುದಕ್ಕೆ ಇನ್ನೊಂದು ಕಾರಣವಿದೆ. ಸಲಕರಣೆ ಬದಲಾಗುತ್ತದೆ. ಕೆಲವು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಬಂದು, ನೆಲದಲ್ಲೇ ನಿಂತು ಕೊನೆ ಇಳಿಸುವುದು ಮಾಮೂಲಾಗಿದೆ. ಸುಲಿಯುವ ಮೆಷಿನ್ ಬಂದಿದೆ. ಮರ ಹತ್ತುವುದೇ ತನ್ನ ಬಲ ಎಂದುಕೊಂಡ ಕೊನೆಗಾರನಿಗೆ ಇದು ಹೊಡೆತ. ಆದರೆ ಬೆಳೆದ ಕೊನೆ ಯಾವುದು, ಎಳೆಯದು ಯಾವುದು ಎಂದು ಹೇಳುವ ಕಣ್ಣು ಅವನಲ್ಲೇ ಇದೆ. ದೋಟಿ ಹಿಡಿದ ಹೊಸಬನಿಗೆ ಆ ಕಣ್ಣಿಲ್ಲ. ಫಸಲು ಚೇಣಿಗೆ (ಗುತ್ತಿಗೆಗೆ) ಹಿಡಿಯುವವರಿಗೆ ತೋಟದ ಅಂದಾಜು ಹೇಳಲು ಅದೇ ಕಣ್ಣು ಬೇಕು. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚದಲ್ಲಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದರು. ಮಣ್ಣಿನ ಗೋಡೆ ಕಮ್ಮಿಯಾಯಿತು. ಗೆರೆ ತಪ್ಪದ ಆ ಕೈ ಈಗ ಕಾಗದ, ಬಟ್ಟೆಯ ಮೇಲೆ ಅದೇ ಚಿತ್ತಾರ ಬರೆಯುತ್ತಿದೆ.

ಹಾಗಾಗಿ ನಿಮ್ಮ ಬಲವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ ನೀವು ಮಾಡುವ ಕ್ರಿಯೆ ಇರಲಿ, ಯಾರಿಗೆ ಅನುಕೂಲ ಎಂಬುದೂ ಇರಲಿ. ‘ಗೊಂದಲದ ಕಾಗದಪತ್ರ ನೋಡಿ, ಓದು ಬಾರದವರಿಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳುತ್ತೇನೆ.’ ಇದು ‘ನಾನು ವಿದ್ಯಾವಂತ’ ಎನ್ನುವುದಕ್ಕಿಂತ ಎಷ್ಟೋ ಪಾಲು ಉಪಯೋಗದ ವಾಕ್ಯ.

ಹೆಜ್ಜೆ 4: ಮೊದಲೇ ಅಂದಾಜು ಬರೆದಿಟ್ಟು, ಆಮೇಲೆ ಹೋಲಿಸಿ

ಆಡಳಿತ ಚಿಂತಕ ಪೀಟರ್ ಡ್ರಕರ್ ಹೇಳಿಕೊಟ್ಟ ದಾರಿ ಇದು. ಏನಾದರೂ ಮುಖ್ಯ ನಿರ್ಧಾರ ಮಾಡಿದಾಗ, ಇದರಿಂದ ಏನಾಗುತ್ತದೆ ಎಂದು ನಿಮಗನ್ನಿಸುತ್ತದೋ ಅದನ್ನು ಬರೆದಿಡಿ. ಒಂಬತ್ತರಿಂದ ಹನ್ನೆರಡು ತಿಂಗಳ ನಂತರ ತೆಗೆದು, ಆದದ್ದರ ಜೊತೆ ಹೋಲಿಸಿ.

ಹೀಗೆ ಇಟ್ಟುಕೊಳ್ಳಿ. ಕಸಿ ಮಾಡುವುದು ನಿಮ್ಮ ಬಲ ಅನ್ನಿಸಿದೆ. ಮಳೆಗಾಲದ ಶುರುವಿನಲ್ಲಿ ಬರೆಯುತ್ತೀರಿ: 200 ಗಿಡಕ್ಕೆ ಕಸಿ ಕಟ್ಟುತ್ತೇನೆ, 120 ಬದುಕುತ್ತವೆ, ಅದರಲ್ಲಿ 80 ಮಾರುತ್ತೇನೆ. ಮುಂದಿನ ವರ್ಷ ನೋಡಿದರೆ 160 ಬದುಕಿವೆ, ಮಾರಿದ್ದು ಮಾತ್ರ 25. ಇದನ್ನು ಸೋಲು ಎಂದು ಓದಬೇಡಿ. ಕಸಿಯಲ್ಲಿ ನಿಮ್ಮ ಕೈ ನೀವೇ ಅಂದುಕೊಂಡದ್ದಕ್ಕಿಂತ ಒಳ್ಳೆಯದು, ಮಾರಾಟ ನಿಮ್ಮದಲ್ಲ ಎಂದು ಅಂಕಿಗಳೇ ಹೇಳುತ್ತಿವೆ. ಮುಂದಿನ ವರ್ಷ ಗಿಡ ಜಾಸ್ತಿ ಮಾಡಿ, ಮಾರಲು ನರ್ಸರಿಯವರನ್ನು ಹಿಡಿಯಿರಿ.

ಒಂದು ವರ್ಷ ಕಾಯುವುದು ಉದ್ದವಾಯಿತು ಅನ್ನಿಸಿದರೆ ಮೊದಲು ಮೂರು ತಿಂಗಳ ಸಣ್ಣ ಅಂದಾಜು ಮಾಡಿ. ಟ್ಯೂಷನ್ ಶುರು ಮಾಡುವವರು ಒಂದು ಪಾಠ, ಐದು ಮಕ್ಕಳು, ಒಂದು ಪರೀಕ್ಷೆ ಎಂದು ಇಟ್ಟುಕೊಳ್ಳಬಹುದು. ಸಾಲ ಮಾಡುವುದು, ಕೆಲಸ ಬಿಡುವುದು, ಅಂಗಡಿ ಬಾಡಿಗೆಗೆ ಹಿಡಿಯುವುದು ಎಲ್ಲವೂ ಈ ಹೆಜ್ಜೆ ಆದ ಮೇಲೆ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಹೆಜ್ಜೆ 5: ಇರುವ ಬಲವನ್ನೇ ತಿದ್ದಿ ತೀಡಿ

ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಕ್ರಿಕೆಟ್ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಎತ್ತರದ ಆಟಗಾರರಲ್ಲ. ಎತ್ತರವನ್ನು ಯಾವ ಅಭ್ಯಾಸದಿಂದಲೂ ತರಲು ಆಗದು. ಅವರಲ್ಲಿ ಇದ್ದದ್ದು ಮಣಿಕಟ್ಟು, ಚೆಂಡನ್ನು ಕೊನೇ ಗಳಿಗೆಯವರೆಗೆ ನೋಡುವ ಕಣ್ಣು. ಅವರ ಸ್ಕ್ವೇರ್ ಕಟ್ ಹೆಸರಾದದ್ದು ಅದರಿಂದ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. 1975ರಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್‌ನ ವೇಗದ ಬೌಲರ್ ಆ್ಯಂಡಿ ರಾಬರ್ಟ್ಸ್ ಬೆಂಕಿಯುಗುಳುತ್ತಿದ್ದಾಗ ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶ್ವನಾಥ್ ಔಟಾಗದೆ 97. ಹುಟ್ಟಿನಿಂದ ಬಂದ ಕೈಚಳಕ ಇಲ್ಲಿಗೆ ಮುಟ್ಟಬೇಕಾದರೆ ಎಷ್ಟು ನೆಟ್ ಅಭ್ಯಾಸ ಬೇಕು ಎಂದು ಯೋಚಿಸಿ.

ತಾನಾಗಿ ಬರುವ ಕೆಲಸದಲ್ಲಿ ನಾವು ಸಾಮಾನ್ಯವಾಗಿ ಅಭ್ಯಾಸ ಮಾಡುವುದೇ ಇಲ್ಲ, ಹೇಗೂ ಬರುತ್ತದಲ್ಲ ಎಂದು ಬಿಡುತ್ತೇವೆ. ಹಾಗಾಗಬಾರದು. ದಿನಕ್ಕೆ ಅರ್ಧ ಗಂಟೆ ಅದಕ್ಕೇ ಮೀಸಲಿಡಿ. ಆ ಅರ್ಧ ಗಂಟೆಯಲ್ಲಿ ನಿಮಗೆ ಸ್ವಲ್ಪ ಕಷ್ಟವಾಗುವ ಭಾಗವನ್ನೇ ಮಾಡಿ. ತಪ್ಪು ತೋರಿಸಿಕೊಡುವ ಒಬ್ಬರು ಬೇಕು, ಅವರು ನಿಮಗಿಂತ ಚೆನ್ನಾಗಿ ಬಲ್ಲವರಾಗಿರಬೇಕು. ಹುಡುಕಿದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಸಿಗುತ್ತಾರೆ. ಕೃಷಿ, ತೋಟಗಾರಿಕೆ, ಆಹಾರ ಸಂಸ್ಕರಣೆಗೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇವೆ. ಮಾತು, ಅಭಿನಯ, ರಂಗಸಜ್ಜಿಕೆಯ ಆಸಕ್ತಿ ಇದ್ದರೆ ಹೆಗ್ಗೋಡಿನ ನೀನಾಸಂ ಇದೆ. 1949ರಲ್ಲಿ ಹಳ್ಳಿಯೊಂದರ ಹವ್ಯಾಸಿ ನಾಟಕ ತಂಡವಾಗಿ ಶುರುವಾದ ಸಂಸ್ಥೆ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರು ಬಿಡದೆ ಕೂಡ ಒಂದು ಬಲವನ್ನು ಎಲ್ಲಿಯವರೆಗೆ ಒಯ್ಯಬಹುದು ಎಂದು ನೋಡಬೇಕಾದವರು ಒಮ್ಮೆ ಹೆಗ್ಗೋಡಿಗೆ ಹೋಗಿಬನ್ನಿ.

ಹೆಜ್ಜೆ 6: ಕೊರತೆಗಳನ್ನು ಮೂರು ಗುಂಪು ಮಾಡಿ

ಬಲದ ಮೇಲೆ ಕಟ್ಟಿ ಎಂದರೆ ಕೊರತೆ ಕಡೆ ನೋಡಲೇಬೇಡಿ ಎಂದಲ್ಲ. ಕೊರತೆಯಲ್ಲಿ ಮೂರು ಬಗೆ.

ಕೆಲವು ನಿಮ್ಮ ಬಲವನ್ನೇ ತಿಂದುಹಾಕುತ್ತವೆ. ಬಡಗಿ ಕೆಲಸದಲ್ಲಿ ಎತ್ತಿದ ಕೈ, ಆದರೆ ಹೇಳಿದ ದಿನಕ್ಕೆ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ. ಅಂಥವರ ಕೈಚಳಕ ಯಾರಿಗೂ ಬೇಡವಾಗುತ್ತದೆ. ಇಂಥವನ್ನು ಪಾಸ್ ಮಾರ್ಕ್ಸ್ ಬರುವಷ್ಟು ಸರಿ ಮಾಡಿಕೊಳ್ಳಿ, ಫಸ್ಟ್ ಕ್ಲಾಸ್ ಬೇಕಾಗಿಲ್ಲ. ಕೆಲವು ಕೊರತೆಗಳಿಂದ ಏನೂ ಆಗುವುದಿಲ್ಲ, ಬಿಟ್ಟುಬಿಡಿ. ಇನ್ನು ಕೆಲವನ್ನು ಬೇರೆಯವರಿಂದ ತುಂಬಿಸಿಕೊಳ್ಳಬಹುದು. ಮುಯ್ಯಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ನಿಮ್ಮ ಜಿಎಸ್‌ಟಿ ಲೆಕ್ಕ ಅವರು ನೋಡಲಿ, ಅವರ ತೋಟದ ಪಂಪ್‌ಸೆಟ್ ನೀವು ನೋಡಿ.

ಹಿಂದಿನವರು ಇದನ್ನೇ ದೊಡ್ಡದಾಗಿ ಮಾಡಿ ತೋರಿಸಿದ್ದಾರೆ. ಅಡಿಕೆ ಬೆಳೆಯುವುದು ಗೊತ್ತಿತ್ತು, ವ್ಯಾಪಾರಿಗಳ ಎದುರು ಒಬ್ಬೊಬ್ಬರೇ ನಿಂತು ಬೆಲೆ ಗಿಟ್ಟಿಸುವುದು ಕಷ್ಟವಿತ್ತು. ಪ್ರತಿ ಬೆಳೆಗಾರನೂ ವ್ಯಾಪಾರ ಕಲಿಯಲಿ ಎಂದು ಕೂರಲಿಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಸಹಕಾರ ಸಂಘ ಕಟ್ಟಿದರು, ಅದೇ ಇವತ್ತಿನ ಮಾಮ್‌ಕೋಸ್, ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ.

ಹೆಜ್ಜೆ 7: ನಿಮ್ಮ ಬಲಕ್ಕೆ ಬೆಲೆ ಇರುವ ಜಾಗ ಹುಡುಕಿ

2000ದ ದಶಕದ ಮೊದಲ ವರ್ಷಗಳಲ್ಲಿ ಮಲೆನಾಡಿನಲ್ಲಿ ವೆನಿಲ್ಲಾ ಹುಚ್ಚು ಹಿಡಿದದ್ದು ಹಿರಿಯರಿಗೆ ನೆನಪಿರುತ್ತದೆ. ಬೆಲೆ ಆಕಾಶಕ್ಕೆ ಹೋಯಿತು, ಪಕ್ಕದವರು ನೆಟ್ಟರು, ನಾವೂ ನೆಟ್ಟೆವು. ವೆನಿಲ್ಲಾಕ್ಕೆ ಹೂವು ಬಿಟ್ಟ ದಿನವೇ ಒಂದೊಂದಕ್ಕೂ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಕೋಡನ್ನು ತಿಂಗಳುಗಟ್ಟಲೆ ಹದ ಮಾಡಬೇಕು. ಆ ಸೂಕ್ಷ್ಮ, ಆ ಪುರಸೊತ್ತು ತಮ್ಮಲ್ಲಿ ಇದೆಯೇ ಎಂದು ಕೇಳಿಕೊಂಡವರು ಕಮ್ಮಿ. ಬೆಲೆ ಕುಸಿದಾಗ ಬಳ್ಳಿ ಕಿತ್ತು ಹಾಕಿದರು. ಮಾರುಕಟ್ಟೆ ಬಿದ್ದದ್ದು ಯಾರ ಕೈಯಲ್ಲೂ ಇರಲಿಲ್ಲ, ನಿಜ. ಆದರೆ ನೆರೆಮನೆಯವರು ಗೆದ್ದರೆಂದು ಅವರ ಬೆಳೆ ನಮ್ಮ ಕೈಗೂ ಒಗ್ಗುತ್ತದೆ ಎಂದೇನಿಲ್ಲ. ಈಗ ಯೂಟ್ಯೂಬ್ ಚಾನೆಲ್, ಹೋಂಸ್ಟೇ, ಷೇರು ಮಾರುಕಟ್ಟೆ ವಿಷಯದಲ್ಲೂ ಅದೇ ನಡೆಯುತ್ತಿದೆ.

ಇದಕ್ಕೆ ಪ್ರತಿಯಾಗಿ ಚರಕದ ಕೆಲಸ ನೋಡಿ. 1996ರಲ್ಲಿ ಹೆಗ್ಗೋಡಿನ ಹತ್ತಿರ ಶುರುವಾದ ಮಹಿಳೆಯರ ಸಹಕಾರ ಸಂಘ ಅದು. ಅಡಿಕೆ ಬೇಯಿಸಿದಾಗ ಬರುವ ಚೊಗರು ಇಲ್ಲಿ ಮನೆಮನೆಯಲ್ಲೂ ಇದೆ. ಅದನ್ನೇ ಕೈಮಗ್ಗದ ಬಟ್ಟೆಗೆ ಬಣ್ಣವಾಗಿ ಬಳಸಿದರು. ಊರಲ್ಲಿ ಯಾರೂ ಬೆಲೆ ಕಟ್ಟದ ಬಣ್ಣಕ್ಕೆ ನಗರದಲ್ಲಿ ಕೊಳ್ಳುವವರು ಸಿಕ್ಕರು.

ನೀವು ಹಾಕಿಕೊಳ್ಳಬೇಕಾದ ಪ್ರಶ್ನೆಗಳು ಇಷ್ಟು. ನನ್ನ ಬಲ ಯಾರಿಗೆ ನಿಜವಾಗಿ ಬೇಕು? ಅವರು ಈಗ ಆ ಕೆಲಸಕ್ಕೆ ಏನು ಮಾಡುತ್ತಿದ್ದಾರೆ, ಎಷ್ಟು ಕೊಡುತ್ತಿದ್ದಾರೆ? ನಾನು ಅವರನ್ನು ತಲುಪುವುದು ಹೇಗೆ? ಮೂರು ಜನ ಗಿರಾಕಿಗಳ ಜೊತೆ ಎದುರಾ ಎದುರು ಮಾತಾಡಿ ಉತ್ತರ ಬರೆದುಕೊಳ್ಳಿ. ಮತ್ತೆ, ಹಣ ಕೇಳಲು ಕಲಿಯಿರಿ. ಹತ್ತಿರದವರಿಗೆ ಬೇಕಾದರೆ ಸುಮ್ನೆ ಮಾಡಿಕೊಡಿ, ಆದರೆ ಅದರ ಬೆಲೆ ಎಷ್ಟಾಗುತ್ತಿತ್ತು ಎಂದು ಪುಸ್ತಕದಲ್ಲಿ ಬರೆದಿಡಿ. ನಮ್ಮ ಕಡೆ ಎಷ್ಟೋ ಒಳ್ಳೆಯ ಕೈಗಳು ಸೋತದ್ದು ಈ ಸಂಕೋಚದಿಂದಲೇ.

ಹೆಜ್ಜೆ 8: ಬಲ ಅತಿಯಾಗುತ್ತಿದೆಯೇ ನೋಡಿಕೊಳ್ಳಿ

ಅಚ್ಚುಕಟ್ಟು ಜಾಸ್ತಿಯಾದರೆ ಕೆಲಸ ಮುಗಿಯುವುದಿಲ್ಲ. ಮಾತಿನ ಬಲ ಜಾಸ್ತಿಯಾದರೆ ಎದುರಿನವರ ಮಾತು ಕೇಳಿಸುವುದಿಲ್ಲ. ಮನೆಯವರಲ್ಲಿ ಒಬ್ಬರಿಗೆ, ‘ನಾನು ಅತಿ ಮಾಡಿದಾಗ ಹೇಳು’ ಎಂದು ಮೊದಲೇ ಹೇಳಿಡಿ. ಹೇಳಿದ ದಿನ ಕೋಪ ಮಾಡಿಕೊಳ್ಳಬೇಡಿ.

ವರ್ಷದ ಲೆಕ್ಕ

ಕೃಷಿಯ ವರ್ಷಕ್ಕೆ ಹೊಂದಿಸಿಕೊಂಡರೆ ಮರೆತು ಹೋಗುವುದಿಲ್ಲ. ಮುಂಗಾರು ಶುರುವಾದಾಗ ನೋಟ್‌ಬುಕ್, ಹೊರಗಿನವರ ಮಾತು. ಶ್ರಾವಣದ ಹೊತ್ತಿಗೆ ನಿಮ್ಮ ಒಂದು ವಾಕ್ಯ ಸಿದ್ಧವಿರಲಿ. ಭೂಮಿ ಹುಣ್ಣಿಮೆ ಹೊತ್ತಿಗೆ ಮೂರು ತಿಂಗಳ ಸಣ್ಣ ಪ್ರಯೋಗ ಶುರುವಾಗಲಿ. ಅಡಿಕೆ ಕೊಯ್ಲಿನಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ, ಆಗ ಹೊಸದೇನೂ ಬೇಡ, ಅರ್ಧ ಗಂಟೆಯ ಅಭ್ಯಾಸ ಬಿಡದಿದ್ದರೆ ಸಾಕು. ಯುಗಾದಿಗೆ ಅಂದಾಜಿನ ಪುಟ ತೆಗೆದು ಹೋಲಿಸಿ. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆದದ್ದರ ಮುಂದೆ ಒಂದು ಗುರುತು, ಕಮ್ಮಿಯಾದದ್ದರ ಮುಂದೆ ಇನ್ನೊಂದು ಗುರುತು ಹಾಕಿ. ಮೊದಲ ಗುರುತು ಬಿದ್ದ ಕೆಲಸಕ್ಕೆ ಮುಂದಿನ ಮುಂಗಾರಿನಿಂದ ನಿಮ್ಮ ಹೊತ್ತು ಎರಡು ಪಾಲು ಕೊಡಿ. ಎರಡನೆಯದಕ್ಕೆ ಯಾರನ್ನು ಜೊತೆಗೆ ಕರೆಯಬಹುದು ಎಂದು ಅದೇ ಪುಟದ ಕೆಳಗೆ ಹೆಸರು ಬರೆಯಿರಿ, ಅವತ್ತೇ ಅವರಿಗೆ ಒಂದು ಫೋನ್ ಮಾಡಿ.